ಮಾತ್ರೆ ಬೇಡ, ಕಾವಲು ಬೇಕು

ದೊಡ್ಡ ಕರುಳಿನ ಪುಟ್ಟ ಚೀಲಗಳು ಊದಿಕೊಂಡರೆ ಆ್ಯಂಟಿಬಯಾಟಿಕ್ ನುಂಗಲೇಬೇಕು ಎಂಬುದು ದಶಕಗಳ ರೂಢಿ. ಯುರೋಪಿನ ಮೂರು ಪ್ರಯೋಗಗಳು ಆ ರೂಢಿಯನ್ನು ಅಲುಗಿಸಿವೆ. ಡೈವರ್ಟಿಕ್ಯುಲೈಟಿಸ್ ಎಂಬ ಈ ಉರಿಯೂತ ಸೌಮ್ಯವಾಗಿದ್ದರೆ ಬಹುಪಾಲು ಜನರಲ್ಲಿ ಮನೆಯಲ್ಲೇ, ಆ ಮಾತ್ರೆಗಳಿಲ್ಲದೆಯೇ ವಾಸಿಯಾಗುತ್ತದೆ. ಆದರೆ ಯಾರ ಮನೆಯಲ್ಲಿ? ಯಾರ ಕಣ್ಣಳತೆಯಲ್ಲಿ? ತಮಿಳುನಾಡಿನ ಗಡಿಯಲ್ಲಿರುವ ಹೊಸೂರು–ಕೃಷ್ಣಗಿರಿ ಸೀಮೆಯಲ್ಲಿ ನಿಂತು ಈ ಪ್ರಶ್ನೆ ಕೇಳಿಕೊಳ್ಳಬೇಕಾಗಿದೆ.

ನವೆಂಬರಿನ ಬೆಳಗು. ಹೊಸೂರು ಬಸ್ ನಿಲ್ದಾಣದ ಸುತ್ತ ಮಂಜು ಇನ್ನೂ ಪೂರ್ತಿ ಕರಗಿಲ್ಲ. ಬಾಗಲೂರು, ಬೇರಿಕೆ, ತಳಿ ಕಡೆಯ ಬಸ್ಸುಗಳಿಂದ ಹೂವಿನ ಮೂಟೆ, ಸೊಪ್ಪಿನ ಕಟ್ಟು ಇಳಿಯುತ್ತಿವೆ. ಔಷಧಿ ಅಂಗಡಿಯ ಷಟರ್ ಅರ್ಧ ಮಾತ್ರ ಎದ್ದಿದೆ. ಅಷ್ಟರಲ್ಲೇ ಮಂಕಿ ಟೋಪಿ ತೊಟ್ಟ, ಐವತ್ತು ದಾಟಿದ ರೈತರೊಬ್ಬರು ಕಿಬ್ಬೊಟ್ಟೆಯ ಎಡಬದಿಗೆ ಅಂಗೈ ಒತ್ತಿ ಹಿಡಿದು ನಿಂತಿದ್ದಾರೆ.

"ರಾತ್ರಿಯೆಲ್ಲ ಇಲ್ಲೇ ಹಿಡ್ಕಂಡೈತೆ ಸಾ. ಮೈಯೂ ಬೆಚ್ಚಗೈತೆ. ಗ್ಯಾಸ್ಟ್ರಿಕ್ಕೇ ಇರ್ಬೇಕು. ಏನಾನ ಪವರ್ ಇರಾದು ಕೊಡಿ."

ಅಂಗಡಿಯವರು ತಮಿಳಿನಲ್ಲಿ ಒಂದೆರಡು ಮಾತು ಕೇಳುತ್ತಾರೆ. ಇವರು ಕನ್ನಡದಲ್ಲೇ ಉತ್ತರಿಸುತ್ತಾರೆ. ಒಳಗಿರುವ ಹುಡುಗನಿಗೆ ತೆಲುಗಿನಲ್ಲಿ ಸೂಚನೆ ಹೋಗುತ್ತದೆ. ಗಡಿನಾಡಿನಲ್ಲಿ ಇದು ದಿನನಿತ್ಯದ ಮಾತು. ಕೊನೆಗೆ ಗಾಜಿನ ಮೇಲೆ ಬಂದು ಬೀಳುವುದು ಐದು ದಿನಕ್ಕಾಗುವ ಎರಡು ಬಗೆಯ ಮಾತ್ರೆ. ಪಟ್ಟಿಯ ಬೆನ್ನ ಮೇಲೆ ಉದ್ದಕ್ಕೂ ಒಂದು ಕೆಂಪು ಗೆರೆ.

ಆ ಗೆರೆಯ ಅರ್ಥ, ವೈದ್ಯರ ಚೀಟಿಯಿಲ್ಲದೆ ಇದನ್ನು ಕೊಡಬಾರದು, ಕೊಳ್ಳಬಾರದು ಎಂದು. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆ ಗೆರೆಯನ್ನೇ ಮುಂದಿಟ್ಟುಕೊಂಡು ಅಭಿಯಾನ ನಡೆಸಿತು. ಪ್ರತಿ ವರ್ಷ ನವೆಂಬರ್ 18ರಿಂದ 24ರವರೆಗೆ ಜಗತ್ತಿನಾದ್ಯಂತ ಔಷಧ ಪ್ರತಿರೋಧದ ಬಗ್ಗೆ ಜಾಗೃತಿ ಸಪ್ತಾಹ ನಡೆಯುತ್ತದೆ. ಆದರೂ ಚೀಟಿಯಿಲ್ಲದೆ ಮಾತ್ರೆ ಕೊಳ್ಳುವ ಇಂಥ ದೃಶ್ಯ ಹೊಸೂರಿನದಷ್ಟೇ ಅಲ್ಲ. ಕೋಲಾರ, ಮಂಡ್ಯ, ಬಳ್ಳಾರಿ, ಎಲ್ಲಿ ನೋಡಿದರೂ ಇದೆ. ಈ ಲೇಖನದ ಕಾಳಜಿ ಅದರಲ್ಲಿ ಒಂದು ಸಣ್ಣ ಮೂಲೆಯದು: ಆ ಎಡಬದಿಯ ನೋವು ಡೈವರ್ಟಿಕ್ಯುಲೈಟಿಸ್ ಆಗಿದ್ದರೆ ಏನು ಮಾಡಬೇಕು?

ಗೋಡೆಯ ದುರ್ಬಲ ಜಾಗ

ದೊಡ್ಡ ಕರುಳಿನ ಸ್ನಾಯುಗೋಡೆಯನ್ನು ತೂರಿಕೊಂಡು ಸಣ್ಣ ರಕ್ತನಾಳಗಳು ಒಳಗೆ ಹೋಗುತ್ತವೆ. ತೂರುವ ಜಾಗದಲ್ಲಿ ಗೋಡೆ ಬಲಹೀನ. ವಯಸ್ಸಾದಂತೆ, ಒಳಗಿನ ಒತ್ತಡ ಹೆಚ್ಚಿದಂತೆ, ಹಳೆಯ ಸೈಕಲ್ ಟೈರಿನ ಬಿರುಕಿನಿಂದ ಟ್ಯೂಬು ಗುಳ್ಳೆಯಾಗಿ ಹೊರಬರುವ ಹಾಗೆ ಕರುಳಿನ ಒಳಪದರ ಅಲ್ಲಿಂದ ಪುಟ್ಟ ಚೀಲವಾಗಿ ಹೊರಚಾಚುತ್ತದೆ. ಅದೇ ಡೈವರ್ಟಿಕ್ಯುಲಮ್.

ಚೀಲಗಳಿದ್ದ ಮಾತ್ರಕ್ಕೆ ರೋಗವಿದೆ ಎಂದಲ್ಲ. ಚೀಲಗಳಿರುವ ನೂರು ಜನರಲ್ಲಿ ಐವರಿಗೂ ಉರಿಯೂತ ಬರುವುದಿಲ್ಲ. ಉಳಿದವರು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಆಯುಷ್ಯ ಕಳೆಯುತ್ತಾರೆ, ಗೊತ್ತೂ ಆಗುವುದಿಲ್ಲ. ಉರಿಯೂತ ಬಂದವರಿಗೆ ಕಿಬ್ಬೊಟ್ಟೆಯಲ್ಲಿ ಬಿಡದ ನೋವು, ಸಣ್ಣ ಜ್ವರ, ಮಲಬದ್ಧತೆ ಅಥವಾ ಭೇದಿ. ಪಾಶ್ಚಾತ್ಯರಲ್ಲಿ ನೋವು ಹೆಚ್ಚಾಗಿ ಎಡಕ್ಕೆ. ಜಪಾನ್, ಕೊರಿಯಾದಂಥ ಏಷ್ಯಾದ ದೇಶಗಳಲ್ಲಿ ಬಲಬದಿಯ ಚೀಲಗಳು ಜಾಸ್ತಿ. ಅಲ್ಲಿ ಊದಿಕೊಂಡರೆ ಥೇಟ್ ಅಪೆಂಡಿಸೈಟಿಸ್‌ನಂತೆ ಕಾಣುತ್ತದೆ. ಮೂತ್ರಪಿಂಡದ ಕಲ್ಲು, ಹೆಂಗಸರಲ್ಲಿ ಅಂಡಾಶಯದ ತೊಂದರೆ, ಕರುಳಿನ ಕ್ಯಾನ್ಸರ್ ಕೂಡ ಹೀಗೇ ನೋಯಿಸಬಲ್ಲವು.

ಆದ್ದರಿಂದ ಮೊದಲ ಮಾತು ಇದು: ಹೊಟ್ಟೆ ಮುಟ್ಟಿ ನೋಡಿ, ರಕ್ತ ಪರೀಕ್ಷಿಸಿ, ಸಿ.ಟಿ. ಸ್ಕ್ಯಾನ್‌ನಲ್ಲಿ ಖಚಿತವಾಗುವವರೆಗೆ ಅದಕ್ಕೆ ಡೈವರ್ಟಿಕ್ಯುಲೈಟಿಸ್ ಎಂದು ಹೆಸರಿಡುವಂತಿಲ್ಲ. ಕೀವುಗಟ್ಟಿದ್ದರೆ, ಕರುಳು ತೂತಾಗಿದ್ದರೆ, ದಾರಿ ಕಟ್ಟಿದ್ದರೆ, ಪಕ್ಕದ ಅಂಗಕ್ಕೆ ಕಳ್ಳದಾರಿ ಕೊರೆದಿದ್ದರೆ ಅದು ಜಟಿಲ ಬಗೆ. ಅದಕ್ಕೆ ಆಸ್ಪತ್ರೆಯೇ ಗತಿ, ಆ್ಯಂಟಿಬಯಾಟಿಕ್ ಬೇಕೇ ಬೇಕು. ಇವು ಯಾವುವೂ ಇಲ್ಲದೆ ಗೋಡೆ ಮಾತ್ರ ಊದಿದ್ದರೆ ಅದು ಸರಳ ಬಗೆ. ಇಲ್ಲಿ ಹೇಳುತ್ತಿರುವುದೆಲ್ಲ ಅದನ್ನು ಕುರಿತೇ.

ಸ್ವೀಡನ್ನಿನಿಂದ ಎದ್ದ ಪ್ರಶ್ನೆ

ಚೀಲದಲ್ಲಿ ಸೂಕ್ಷ್ಮ ತೂತು ಬೀಳುತ್ತದೆ, ಬ್ಯಾಕ್ಟೀರಿಯಾ ಸೋರುತ್ತದೆ, ಸೋಂಕು ಹರಡುತ್ತದೆ. ಆದ್ದರಿಂದ ಆ್ಯಂಟಿಬಯಾಟಿಕ್ ಬೇಕು. ಹಳೆಯ ತರ್ಕ ಇದು. ಕೇಳಲು ಸರಿಯೆನಿಸುತ್ತದೆ. ಹಾಗಾಗಿ ಇದನ್ನು ಒರೆಗೆ ಹಚ್ಚಲು ದಶಕಗಳೇ ಬೇಕಾದವು.

ಒರೆಗೆ ಹಚ್ಚಿದವರು ಸ್ವೀಡನ್ ಮತ್ತು ಐಸ್‌ಲ್ಯಾಂಡಿನ ಶಸ್ತ್ರವೈದ್ಯರು. ಅಬ್ಬಾಸ್ ಚಾಬೊಕ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಆವೋಡ್ ಪ್ರಯೋಗದಲ್ಲಿ 623 ರೋಗಿಗಳಿದ್ದರು. ಎಲ್ಲರದ್ದೂ ಸಿ.ಟಿ.ಯಲ್ಲಿ ಖಚಿತವಾದ ಎಡಬದಿಯ ಸರಳ ಉರಿಯೂತ. ಅರ್ಧದಷ್ಟು ಜನರಿಗೆ ಆ್ಯಂಟಿಬಯಾಟಿಕ್, ಉಳಿದರ್ಧಕ್ಕೆ ರಕ್ತನಾಳದ ಮೂಲಕ ದ್ರವ ಮಾತ್ರ. ಕೀವು ಅಥವಾ ತೂತಿನಂಥ ತೊಡಕು ಮಾತ್ರೆ ಇಲ್ಲದವರಲ್ಲಿ ಶೇ 1.9, ಮಾತ್ರೆ ಪಡೆದವರಲ್ಲಿ ಶೇ 1.0. ಸಂಖ್ಯಾಶಾಸ್ತ್ರದ ಪ್ರಕಾರ ಅದು ಲೆಕ್ಕಕ್ಕೆ ಬರುವ ವ್ಯತ್ಯಾಸವಲ್ಲ. ವರ್ಷದೊಳಗೆ ಮತ್ತೆ ಕಾಯಿಲೆ ಬಂದವರು ಎರಡೂ ಕಡೆ ಶೇ 16.

ನೆದರ್ಲೆಂಡ್ಸ್‌ನ ಡಯಾಬೊಲೊ ಪ್ರಯೋಗ 2017ರಲ್ಲಿ ಪ್ರಕಟವಾಯಿತು. 528 ರೋಗಿಗಳು, ಎಲ್ಲರಿಗೂ ಮೊದಲ ಸಲದ ಕಾಯಿಲೆ. ಚೇತರಿಕೆಗೆ ಮಾತ್ರೆಯವರಿಗೆ 12 ದಿನ, ಬರೀ ನಿಗಾದಲ್ಲಿದ್ದವರಿಗೆ 14 ದಿನ. ಇದೂ ಗಣನೀಯ ವ್ಯತ್ಯಾಸವಲ್ಲ.

ಇವೆರಡರಲ್ಲೂ ಆಸ್ಪತ್ರೆಯ ಹಾಸಿಗೆಗೆ ದೊಡ್ಡ ಪಾತ್ರವಿತ್ತು. ಮನೆಯ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡದ್ದು ಸ್ಪೇನಿನ 15 ಆಸ್ಪತ್ರೆಗಳ ಡೈನಮೊ ಪ್ರಯೋಗ. 2021ರಲ್ಲಿ ಪ್ರಕಟವಾದ ಇದರಲ್ಲಿ 480 ಜನ. ಎಲ್ಲರನ್ನೂ ಮನೆಗೇ ಕಳಿಸಿದರು. ಅರ್ಧ ಜನಕ್ಕೆ ಆ್ಯಂಟಿಬಯಾಟಿಕ್ ಜತೆಗೆ, ಅರ್ಧ ಜನಕ್ಕೆ ಅದಿಲ್ಲದೆ. ಕೊನೆಗೆ ಆಸ್ಪತ್ರೆ ಸೇರಬೇಕಾಗಿ ಬಂದವರು ಮಾತ್ರೆ ಪಡೆದವರಲ್ಲಿ ಶೇ 5.8, ಪಡೆಯದವರಲ್ಲಿ ಶೇ 3.3.

ಈ ಫಲಿತಾಂಶದ ಹಿಂದೆ ಅಷ್ಟಾಗಿ ಯಾರೂ ಮಾತಾಡದ ಒಂದು ಸಂಗತಿಯಿದೆ. ಸ್ಪೇನಿನಲ್ಲಿ ಆ ರೋಗಿಗಳನ್ನು ಎರಡನೆಯ ದಿನ, ಏಳನೆಯ ದಿನ, ಆಮೇಲೆ 30 ಮತ್ತು 90ನೆಯ ದಿನ ವೈದ್ಯರು ಮತ್ತೆ ವಿಚಾರಿಸಿದರು. ಮಾತ್ರೆ ಕೈಬಿಟ್ಟರು, ರೋಗಿಯನ್ನು ಕೈಬಿಡಲಿಲ್ಲ. ನನ್ನ ಮಟ್ಟಿಗೆ ಈ ಪ್ರಯೋಗದ ತಿರುಳು ಅದೇ.

ಮಾರ್ಗಸೂಚಿಗಳೂ ನಿಧಾನಕ್ಕೆ ತಿರುಗಿವೆ. ಅಮೆರಿಕದ ಜಠರಕರುಳು ತಜ್ಞರ ಸಂಘ 2015ರಲ್ಲಿ ಎಲ್ಲರಿಗೂ ಕೊಡಬೇಡಿ, ಆಯ್ದು ಕೊಡಿ ಎಂದಿತು. ಬ್ರಿಟನ್ನಿನ ನೈಸ್ ಸಂಸ್ಥೆ 2019ರಲ್ಲಿ, ಅಮೆರಿಕದ ವೈದ್ಯರ ಕಾಲೇಜು 2022ರಲ್ಲಿ ಹೆಚ್ಚುಕಡಿಮೆ ಅದನ್ನೇ ಹೇಳಿದವು.

ಆ್ಯಂಟಿಬಯಾಟಿಕ್ ತಿಂದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ಭೇದಿ, ಬಾಯಿ ಕಹಿ, ಅಲರ್ಜಿ. ಕೆಲವರಲ್ಲಿ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಹೊಸ ಸೋಂಕೇ ಹುಟ್ಟುವುದುಂಟು. ಅದಕ್ಕಿಂತ ದೊಡ್ಡದು ಊರಿಗೆಲ್ಲ ತಟ್ಟುವ ನಷ್ಟ. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ನೇರವಾಗಿ ಸುಮಾರು 12.7 ಲಕ್ಷ ಜನರ ಪ್ರಾಣ ತೆಗೆದಿದೆ ಎಂಬುದು ಲ್ಯಾನ್ಸೆಟ್ ಪತ್ರಿಕೆಯ ಅಂದಾಜು. ಬಾಣಂತಿಗೆ, ಹಸುಗೂಸಿಗೆ, ಅಪಘಾತದ ಗಾಯಾಳುವಿಗೆ ಬೇಕಾದಾಗ ಈ ಮಾತ್ರೆ ಕೆಲಸ ಮಾಡಬೇಕಲ್ಲವೇ?

▌ಬಾಕ್ಸ್: ಇವರಿಗೆ ಈ ಮಾತು ಅನ್ವಯಿಸದು
*ಗರ್ಭಿಣಿಯರು, ಕೀಮೋಥೆರಪಿ ಪಡೆಯುತ್ತಿರುವವರು, ಅಂಗ ಕಸಿಯಾದವರು, ಸ್ಟೀರಾಯ್ಡ್ ಸೇವಿಸುವವರು, ತೀರಾ ಬಳಲಿದ ವೃದ್ಧರು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡ, ಹೃದಯದ ದೊಡ್ಡ ತೊಂದರೆ ಇರುವವರು. ವಾಂತಿ ನಿಲ್ಲದವರು. ರಕ್ತದಲ್ಲಿ ಉರಿಯೂತದ ಸೂಚಕವಾದ ಸಿ.ಆರ್.ಪಿ. ಲೀಟರಿಗೆ 140 ಮಿ.ಗ್ರಾಂ ದಾಟಿದವರು, ಬಿಳಿ ರಕ್ತಕಣ 15,000 ಮೀರಿದವರು. ಸ್ಕ್ಯಾನ್‌ನಲ್ಲಿ ದ್ರವ ಶೇಖರಣೆ ಅಥವಾ ಕರುಳಿನ ಉದ್ದನೆಯ ಭಾಗಕ್ಕೆ ಊತ ಕಂಡವರು. ಇವರಿಗೆ ವೈದ್ಯರು ಆ್ಯಂಟಿಬಯಾಟಿಕ್ ಬರೆದರೆ ಅದನ್ನು ಪೂರ್ತಿಯಾಗಿ ತೆಗೆದುಕೊಳ್ಳಬೇಕು.*

ರಾಗಿ ಕೊಯ್ಲು, ಆನೆ, ರಾತ್ರಿ ರಸ್ತೆ

ಸ್ಪೇನಿನ ಮನೆಗೂ ಈ ಸೀಮೆಯ ಅಂಚೆಟ್ಟಿ ಕಡೆಯ ಮನೆಗೂ ಅಂತರವಿದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮನೆಯಲ್ಲೇ ಇರಿ ಎನ್ನುವುದು ತಪ್ಪಾಗುತ್ತದೆ.

ಹೊಸೂರು ಪಟ್ಟಣದಲ್ಲಿರುವವರಿಗೆ ಸ್ಕ್ಯಾನ್ ಕೇಂದ್ರಗಳಿವೆ, ಬೆಂಗಳೂರು ಸುಮಾರು 40 ಕಿ.ಮೀ. ಕೃಷ್ಣಗಿರಿಯಲ್ಲಿ 2022ರ ಜನವರಿಯಲ್ಲಿ ಉದ್ಘಾಟನೆಯಾದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ದೇಂಕಣಿಕೋಟೆ ದಾಟಿ ಕಾಡಂಚಿಗೆ ಹೋದರೆ ಚಿತ್ರ ಬೇರೆ. ರಾಗಿ ತೆನೆ ಬಲಿಯುವ ದಿನಗಳಲ್ಲೇ ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡುಗಳು ತಳಿ, ಜವಳಗಿರಿ ಕಾಡಿಗೆ, ಅಲ್ಲಿಂದ ಸಾನಮಾವಿನವರೆಗೂ ಇಳಿಯುತ್ತವೆ. ಹೊಲದವರು ರಾತ್ರಿ ನಿದ್ದೆಗೆಟ್ಟು ಬೆಳೆ ಕಾಯುತ್ತಾರೆ. ಅಂಥ ಊರಿನಲ್ಲಿ ಮಧ್ಯರಾತ್ರಿ ನೋವು ಉಲ್ಬಣಿಸಿದರೆ ಬೈಕಿನಲ್ಲಿ ಕೂರಿಸಿಕೊಂಡು ಹೊರಡುವುದು ಜೀವಕ್ಕೆ ಅಪಾಯ.

ಹಾಗಾಗಿ ಈ ಸೀಮೆಯ ವೈದ್ಯರು ಸಿ.ಆರ್.ಪಿ. ಎಷ್ಟು ಎಂದು ನೋಡುವಷ್ಟೇ ಗಂಭೀರವಾಗಿ ಕೇಳಬೇಕಾದ ಪ್ರಶ್ನೆಗಳಿವೆ. ಊರು ಯಾವುದು? ರಾತ್ರಿ ಗಾಡಿ ಸಿಗುತ್ತದೆಯೇ? ಫೋನಿಗೆ ಸಿಗ್ನಲ್ ಇದೆಯೇ? ಮನೆಯಲ್ಲಿ ಜತೆಗೆ ಯಾರಿರುತ್ತಾರೆ? ಉತ್ತರ ಸಮಾಧಾನ ತರದಿದ್ದರೆ ಎರಡು ದಿನ ಪಟ್ಟಣದಲ್ಲಿರುವ ಮಗಳ ಮನೆಯಲ್ಲೋ ಅಣ್ಣನ ಮನೆಯಲ್ಲೋ ಉಳಿಯಿರಿ ಎನ್ನುವುದೂ ಚಿಕಿತ್ಸೆಯ ಭಾಗವೇ. ನೆಂಟರಿಲ್ಲದವರಿಗೆ ಆಸ್ಪತ್ರೆಯ ಹಾಸಿಗೆ ಕೊಡುವುದರಲ್ಲಿ ತಪ್ಪೇನಿಲ್ಲ.

ಎರಡನೆಯ ದಿನದ ವಿಚಾರಣೆಗೆ ಇಲ್ಲೊಂದು ದಾರಿ ಈಗಾಗಲೇ ತೆರೆದಿದೆ. ತಮಿಳುನಾಡು ಸರ್ಕಾರದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ, ಅಂದರೆ ಜನರ ಮನೆ ಬಾಗಿಲಿಗೆ ವೈದ್ಯ ಸೇವೆ, ಶುರುವಾದದ್ದೇ ಇದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ, 2021ರ ಆಗಸ್ಟ್ 5ರಂದು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಮನೆಗೇ ತಲುಪಿಸುವ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಯೋಜನೆ ಅದು. ಅದರ ಸ್ವಯಂಸೇವಕಿಯರು ಊರಿನವರೇ. ಯಾರ ಮನೆ ಎಲ್ಲಿದೆ ಎಂದು ಅವರಿಗೆ ಗೊತ್ತು. ವೈದ್ಯರು ಹೇಳಿಕೊಟ್ಟ ನಾಲ್ಕು ಪ್ರಶ್ನೆಗಳನ್ನು ಅವರು ಬಾಗಿಲಲ್ಲಿ ನಿಂತು ಕೇಳುವಂತಾದರೆ ಸ್ಪೇನಿನ ಆ ಎರಡನೆಯ ದಿನ ಶೂಲಗಿರಿಗೂ ಬರುತ್ತದೆ. ಹೊಸ ಕಟ್ಟಡ, ಹೊಸ ಯಂತ್ರ ಬೇಕಿಲ್ಲ. ಇದು ಆಗಬೇಕು ಎಂದು ನಾನು ಒತ್ತಾಯವಾಗಿಯೇ ಹೇಳುತ್ತೇನೆ.

ಮನೆಯಲ್ಲಿ ಮೊದಲ ವಾರ

ಮೊದಲೆರಡು ದಿನ ಕರುಳಿಗೆ ವಿರಾಮ. ಎಳನೀರು, ಸೋಸಿದ ಗಂಜಿತಿಳಿ, ಬೇಳೆ ಕಟ್ಟಿನ ತಿಳಿಸಾರು, ಉಪ್ಪು ಸಕ್ಕರೆ ಬೆರೆಸಿದ ನೀರು. ಸ್ವಲ್ಪ ಸ್ವಲ್ಪವೇ, ಪದೇ ಪದೇ. ದ್ರವಾಹಾರದಿಂದ ಕಾಯಿಲೆ ಬೇಗ ವಾಸಿಯಾಗುತ್ತದೆ ಎನ್ನುವುದಕ್ಕಿಂತ ಹೊಟ್ಟೆಗೆ ಹಾಯೆನಿಸುತ್ತದೆ ಎನ್ನುವುದೇ ಸರಿ. ಹಸಿವಾಗುತ್ತಿದೆ ಎಂದು ರೋಗಿ ಕೇಳಿದರೆ ಅದು ಶುಭಸೂಚನೆ. ಮೆತ್ತಗೆ ಬೇಯಿಸಿದ ಅನ್ನ, ತಿಳಿ ಮಜ್ಜಿಗೆ, ಇಡ್ಲಿ ಕೊಡಬಹುದು.

ಅಜ್ಜಿಯರು ಹೊಟ್ಟೆನೋವೆಂದರೆ ರಾಗಿ ಅಂಬಲಿ ಕುಡಿಸುತ್ತಾರೆ. ಅಂಬಲಿ ಒಳ್ಳೆಯದೇ, ಆದರೆ ನಾರು ಹೆಚ್ಚು. ನೋವು ಇಳಿದ ಮೇಲೆ, ನಾಲ್ಕೈದನೆಯ ದಿನಕ್ಕೆ ಅದರ ಸರದಿ. ಮುದ್ದೆ ಇನ್ನೂ ಕೆಲವು ದಿನ ತಡೆಯಲಿ.

ನೋವಿಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್. ಸ್ಪೇನಿನ ಪ್ರಯೋಗದಲ್ಲಿ ಐಬುಪ್ರೊಫೆನ್ ಕೂಡ ಕೊಟ್ಟಿದ್ದರು. ಆದರೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಗುಂಪಿನ ನೋವುನಿವಾರಕಗಳಿಗೂ ಚೀಲಗಳು ಒಡೆಯುವುದಕ್ಕೂ ನಂಟು ಕಂಡಿರುವುದರಿಂದ ಪ್ಯಾರಾಸಿಟಮಾಲೇ ಮೇಲು. ಮಂಡಿನೋವಿಗೆಂದು ದಿನವೂ ಇಂಥ ಮಾತ್ರೆ ನುಂಗುವವರು, ಸೊಂಟನೋವಿಗೆ ಸೂಜಿ ಹಾಕಿಸಿಕೊಳ್ಳುವವರು ನಮ್ಮ ಊರುಗಳಲ್ಲಿ ಎಷ್ಟಿಲ್ಲ? ಅದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ಭೇದಿಗೆ ಕೊಟ್ಟರೆ ಹೊಟ್ಟೆ ಹಗುರಾಗುತ್ತದೆ ಎಂದು ಹರಳೆಣ್ಣೆ ಕುಡಿಸುವುದು, ಎನಿಮಾ ಕೊಡುವುದು ಈ ವಾರ ಬೇಡವೇ ಬೇಡ. ಹೊಟ್ಟೆ ನೀವುವುದೂ ಬೇಡ.

ದಿನಕ್ಕೆರಡು ಸಲ ಜ್ವರ ನೋಡಿ ಬರೆದಿಡುವುದು ಮನೆಯವರ ಕೆಲಸ. ಕ್ಯಾಲೆಂಡರಿನ ಚೌಕದೊಳಗೇ ಬರೆದರೆ ಸಾಕು: ಜ್ವರ ಎಷ್ಟು, ನೋವು ನಿನ್ನೆಗಿಂತ ಹೆಚ್ಚೋ ಕಡಿಮೆಯೋ, ಏನು ತಿಂದರು, ಮೂತ್ರ ಸರಿಯಾಗಿ ಹೋಯಿತೇ. ಎರಡು ಮೂರು ದಿನದಲ್ಲಿ ನೋವು ಇಳಿಮುಖವಾಗಬೇಕು. ಮೂರರಿಂದ ಐದು ದಿನ ಕಳೆದರೂ ತಿಳಿ ಬಿಟ್ಟು ಬೇರೇನೂ ಸೇರುತ್ತಿಲ್ಲವೆಂದರೆ ಕಾಯಬಾರದು, ವೈದ್ಯರಲ್ಲಿಗೆ ಮರಳಬೇಕು. ಆಗ ಆ್ಯಂಟಿಬಯಾಟಿಕ್ ಶುರು ಮಾಡಿದರೆ ಸೋತಂತಲ್ಲ. ಮೊದಲಿನಿಂದಲೂ ಆ ಬಾಗಿಲು ತೆರೆದೇ ಇತ್ತು.

▌ಬಾಕ್ಸ್: ಇದು ಕಂಡರೆ 108
*ಹೊಟ್ಟೆ ಹಲಗೆಯಂತೆ ಬಿಗಿಯುವುದು, ನೋವು ಇದ್ದಕ್ಕಿದ್ದಂತೆ ಇಡೀ ಹೊಟ್ಟೆಗೆ ಹರಡುವುದು. ಚಳಿ ನಡುಕದ ಜ್ವರ. ನೀರೂ ನಿಲ್ಲದ ವಾಂತಿ. ಗಾಳಿಯೂ ಹೋಗದೆ ಹೊಟ್ಟೆ ಉಬ್ಬರಿಸುವುದು. ಮಲದಲ್ಲಿ ರಕ್ತ. ಮೂತ್ರದಲ್ಲಿ ಗಾಳಿಗುಳ್ಳೆ ಅಥವಾ ಮಲದ ವಾಸನೆ. ತಲೆಸುತ್ತು, ಗೊಂದಲದ ಮಾತು. ಗಡಿಯ ಎರಡೂ ಬದಿ, ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ ಆ್ಯಂಬುಲೆನ್ಸಿಗೆ ಸಂಖ್ಯೆ ಒಂದೇ.*

ನಾರಿನ ವಾದ, ನಾರಿನ ವಿವಾದ

ಐರ್ಲೆಂಡಿನಲ್ಲಿ ಹುಟ್ಟಿ ಉಗಾಂಡಾದಲ್ಲಿ ಬಹುಕಾಲ ದುಡಿದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್‌ಗೆ ಒಂದು ವಿಷಯ ಬೆರಗು ತಂದಿತ್ತು. ಬ್ರಿಟನ್ನಿನಲ್ಲಿ ಮಾಮೂಲಾಗಿದ್ದ ಈ ಚೀಲಗಳು ಆಫ್ರಿಕದ ಹಳ್ಳಿಗರಲ್ಲಿ ಕಾಣುತ್ತಲೇ ಇರಲಿಲ್ಲ. 1971ರಲ್ಲಿ ನೀಲ್ ಪೇಂಟರ್ ಜತೆಗೂಡಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಲೇಖನದಲ್ಲಿ ಇದನ್ನು ನಾರಿನ ಕೊರತೆಯ ಕಾಯಿಲೆ ಎಂದೇ ಕರೆದರು. ಗಿರಣಿ ಧಾನ್ಯದ ಹೊಟ್ಟು ತೆಗೆದದ್ದೇ ಕಾರಣ ಎಂಬುದು ವಾದ.

ನಲವತ್ತು ವರ್ಷ ಜಗತ್ತು ಅದನ್ನು ನಂಬಿತು. 2012ರಲ್ಲಿ ಅಮೆರಿಕದ ಉತ್ತರ ಕೆರೊಲೈನಾದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ದೊಡ್ಡ ಕರುಳಿನೊಳಗೆ ಕ್ಯಾಮೆರಾ ನಳಿಕೆ ಇಳಿಸಿ, ಅಂದರೆ ಕೊಲೊನೊಸ್ಕೋಪಿ ಮಾಡಿ ನೋಡಿದ ಆ್ಯನ್ ಪಿಯರಿ ತಂಡಕ್ಕೆ, ನಾರು ಚೆನ್ನಾಗಿ ತಿಂದವರಲ್ಲಿ ಚೀಲ ಕಡಿಮೆ ಎನ್ನುವುದು ಕಾಣಲಿಲ್ಲ. ಹಾಗಾದರೆ ಬರ್ಕಿಟ್ ಹೇಳಿದ್ದು ಸುಳ್ಳೇ? ಅಷ್ಟು ಸರಳವಲ್ಲ. ಚೀಲ ಹುಟ್ಟುವುದು ಒಂದು, ಅದು ಕಾಯಿಲೆಯಾಗುವುದು ಇನ್ನೊಂದು. ಬ್ರಿಟನ್ನಿನಲ್ಲಿ 47 ಸಾವಿರ ಜನರನ್ನು ಹಿಂಬಾಲಿಸಿದ ಅಧ್ಯಯನ 2011ರಲ್ಲಿ ಹೇಳಿದ್ದು: ಈ ಕಾಯಿಲೆಯಿಂದ ಆಸ್ಪತ್ರೆ ಸೇರುವ ಅಥವಾ ಸಾಯುವ ಅಪಾಯ ಸಸ್ಯಾಹಾರಿಗಳಲ್ಲಿ ಶೇ 31ರಷ್ಟು ಕಡಿಮೆ, ನಾರು ಹೆಚ್ಚು ತಿನ್ನುವವರಲ್ಲೂ ಕಡಿಮೆ. ಇದರ ಜತೆಗೆ ವಂಶವಾಹಿ, ತೂಕ, ಧೂಮಪಾನ, ಕೆಂಪು ಮಾಂಸ, ಕೂತೇ ಇರುವ ಬದುಕು ಎಲ್ಲವೂ ಕೈಜೋಡಿಸುತ್ತವೆ.

ಈ ಸೀಮೆಗೆ ನಾರು ಹೊರಗಿನಿಂದ ತರಬೇಕಾದ ಪದಾರ್ಥವಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 11 ಗ್ರಾಂಗೂ ಹೆಚ್ಚು ನಾರು; ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ಕೃಷ್ಣಗಿರಿ ಜಿಲ್ಲೆಯ ಪೈಯೂರಿನ ಕೃಷಿ ಸಂಶೋಧನಾ ಕೇಂದ್ರ ರಾಗಿ, ಹುರುಳಿಯ ತಳಿಗಳನ್ನೇ ಕೊಟ್ಟಿದೆ. ಪಕ್ಕದ ಧರ್ಮಪುರಿಯಲ್ಲಿ 2023ರಿಂದ ಪಡಿತರದಲ್ಲಿ ಅಕ್ಕಿಯ ಬದಲು ಎರಡು ಕಿಲೋ ರಾಗಿ ಪಡೆಯುವ ಅವಕಾಶ ಬಂತು. ಕಾರ್ಖಾನೆಯ ಶಿಫ್ಟಿಗೆ ಓಡುವ ಮನೆಗಳಲ್ಲಿ ಮುದ್ದೆ ತೊಳಸಲು ಪುರುಸೊತ್ತಿಲ್ಲ, ನಿಜ. ರಾತ್ರಿಯ ಒಂದು ಊಟಕ್ಕಾದರೂ ರಾಗಿ ಮರಳಿದರೆ ಕರುಳಿಗೆ ಒಳಿತು. ಒಮ್ಮೆಗೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ವಾರದಿಂದ ವಾರಕ್ಕೆ ಏರಿಸಿ, ನೀರನ್ನೂ ಹೆಚ್ಚು ಕುಡಿಯಬೇಕು.

ಬೀಜದ ಭಯ

ಸೀಬೆಹಣ್ಣು ಬೇಡ, ಟೊಮೆಟೊ ಬೀಜ ಬೇಡ, ಕಡಲೆಕಾಯಿ, ಎಳ್ಳು ಮುಟ್ಟಬೇಡಿ. ಬೀಜ ಹೋಗಿ ಚೀಲದಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಎಚ್ಚರಿಕೆಯನ್ನು ವೈದ್ಯರೇ ಹೇಳುತ್ತಿದ್ದ ಕಾಲವಿತ್ತು. 2008ರಲ್ಲಿ ಲೀಸಾ ಸ್ಟ್ರೇಟ್ ತಂಡ 47,228 ಗಂಡಸರ 18 ವರ್ಷಗಳ ಆಹಾರದ ಲೆಕ್ಕ ಬಿಚ್ಚಿಟ್ಟಿತು. ಕಡಲೆ, ಬಾದಾಮಿಯಂಥ ಬೀಜಗಳನ್ನು ವಾರಕ್ಕೆರಡು ಸಲವಾದರೂ ತಿಂದವರಲ್ಲಿ ಡೈವರ್ಟಿಕ್ಯುಲೈಟಿಸ್ ಹೆಚ್ಚಾಗಿರಲಿಲ್ಲ. ಶೇ 20ರಷ್ಟು ಕಡಿಮೆಯೇ ಇತ್ತು. ಕಾರ್ತಿಕದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗುವವರು, ಕಾಯಿಲೆ ಪೂರ್ತಿ ವಾಸಿಯಾಗಿದ್ದರೆ, ಕಡಲೆಕಾಯಿಯನ್ನು ಹೆದರದೆ ತಿನ್ನಬಹುದು.

ಬೀಜದ ಭಯ ಬಿಡಬಹುದು, ಆದರೆ ಒಂದು ಪರೀಕ್ಷೆಯನ್ನು ಬಿಡುವಂತಿಲ್ಲ. ಮೊದಲ ಸಲ ಈ ಕಾಯಿಲೆ ಬಂದವರಿಗೆ, ಇತ್ತೀಚೆಗೆ ಕೊಲೊನೊಸ್ಕೋಪಿ ಆಗಿರದಿದ್ದರೆ, ಆರರಿಂದ ಎಂಟು ವಾರದ ನಂತರ ಅದನ್ನು ಮಾಡಿಸಬೇಕೆಂದು ತಜ್ಞರು ಹೇಳುತ್ತಾರೆ. ಊದಿದ ಚೀಲದ ಮರೆಯಲ್ಲಿ ಕ್ಯಾನ್ಸರ್ ಅಡಗಿರುವುದು ಅಪರೂಪ, ಆದರೆ ಉಂಟು. ನೋವು ಹೋದ ಮೇಲೆ ರೋಗಿಗಳು ಮರೆಯುವುದು ಇದನ್ನೇ. ಹೊಲದ ಕೆಲಸ, ಒಕ್ಕಣೆ, ಮಗಳ ಮದುವೆ, ಏನಾದರೂ ಅಡ್ಡ ಬರುತ್ತದೆ. ಮನೆಗೆ ಕಳಿಸುವ ದಿನವೇ ವೈದ್ಯರು ಚೀಟಿಯ ಮೇಲೆ ಆ ತಾರೀಖನ್ನು ಕನ್ನಡ ಓದುವವರಿಗೆ ಕನ್ನಡದಲ್ಲಿ, ತಮಿಳು ಓದುವವರಿಗೆ ತಮಿಳಿನಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ ಬರೆದುಕೊಡಲಿ. ಜತೆಗೆ, ರಾತ್ರಿಯೂ ಎತ್ತುವ ಒಂದು ಫೋನ್ ನಂಬರನ್ನೂ.